ಒಂಬತ್ತನೇ ಹಾಡಿನ ಹೆಣ್ಣುದನಿ

"'ಮದುವೆಗೆ ಊರೆಲ್ಲ ಬಂದಿದೆ, ಗಂಡೇ ಬಂದಿಲ್ಲ!'"

ಪತ್ರಿಕೆಯ ತಲೆಬರಹವನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದ ಅತ್ತಿಗೆಯ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. ತುಳುಕದೆ ಏನು, ವಿಮರ್ಶೆ ಬರೆದವನು ಅವಳ ಸ್ವಂತ ತಮ್ಮ. ಇತ್ತ ಸ್ಟುಡಿಯೋದಲ್ಲಿ ಕೂತಿದ್ದ ನಾದಿನಿಗೆ ಮೈಯೆಲ್ಲ ಉರಿಯಿತು. ಅವನು ಹೀಗಳೆದಿದ್ದ ರ‍್ಯಾಪ್ ಆಲ್ಬಮ್ಮಿನ ಸೌಂಡ್ ಎಂಜಿನಿಯರ್ ಅವಳೇ.

"ಇನ್ನೂ ಇದೆ ಕೇಳೇ. 'ರ‍್ಯಾಪ್ ದೊರೆ ಹಾಡುಹಾಡಿಗೂ ಅತಿಥಿಗಳನ್ನು ಕರೆಸಿ, ತಾವು ಮಾತ್ರ ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಎಂದಿದ್ದಾರೆ.' ಚೆನ್ನಾಗಿ ಬರ್ದಿದಾನೆ ಅಲ್ವಾ?"

"ಬರೀತಾನೆ, ಬರೀದೆ ಏನು? ಅವರನ್ನೆಲ್ಲ ಒಂದು ತಾಳಕ್ಕೆ ಕೂರ್ಸಿದ್ದು ನಾನಲ್ವಾ ಅತ್ತಿಗೆ!"

ಅತಿಥಿಗಳಲ್ಲಿ ಒಬ್ಬ ತನ್ನ ಸಾಲುಗಳನ್ನು ಓಡುವ ಕಾರಿನಿಂದ ಹಾರ್ನ್ ಸಮೇತ ಕಳಿಸಿದ್ದ. ಇನ್ನೊಬ್ಬಳು ಮೊದಲಿನವನ ಹೆಸರು ತೆಗೆದರೆ ಮಾತ್ರ ಬರುತ್ತೇನೆಂದಿದ್ದಳು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗಿತ್ತು ಅವಳ ಪಾಡು. ದೊರೆ ಬಂದರೋ, ಅರ್ಧ ಹೊತ್ತು ಫೋನಿನಲ್ಲಿ, ಇನ್ನರ್ಧ ಹೊತ್ತು ಕನ್ನಡಿಯಲ್ಲಿ. ವಿಮರ್ಶೆಯ ಪ್ರತಿ ಮಾತೂ ನಿಜವಾಗಿತ್ತು. ಸಿಟ್ಟು ಬಂದದ್ದೇ ಅದಕ್ಕೆ.

ತಕ್ಕಡಿ ಅಂದರೆ ಆ ವಿಮರ್ಶಕನಿಗೆ ಅವಳೇ ಇಟ್ಟ ಹೆಸರು ಕೂಡ. ಊರವರ ಹಾಡಿಗೆಲ್ಲ ಒಂದೇ ಏಟಿಗೆ ತೀರ್ಪು ಕೊಡುವ ಮಹಾರಾಯ, ಅವಳ ಅಣ್ಣನ ಮುಂದೆ ತಮ್ಮಿಬ್ಬರ ಮದುವೆಯ ಮಾತೆತ್ತು ಎಂದು ಅವಳೆಂದರೆ ಸಾಕು, "ಒಂದು ಕಡೆ ಹಾಗೂ ಅನ್ಸತ್ತೆ, ಇನ್ನೊಂದು ಕಡೆ ಹೀಗೂ ಅನ್ಸತ್ತೆ" ಎಂದು ತೂಗುತ್ತಾ ಕೂರುತ್ತಿದ್ದ. ಅವನ ಮೀನಮೇಷ ಮುಗಿಯುವಷ್ಟರಲ್ಲಿ ತನ್ನ ಕೂದಲು ಬೆಳ್ಳಗಾಗುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಆದರೂ ಅವನನ್ನು ಬಿಟ್ಟು ಬೇರೆ ಯಾರೂ ಬೇಡವಾಗಿತ್ತು. ಕರ್ಮ.

"ಕೊನೇಲಿ ಹೊಗಳಿದಾನೆ ಕಣೇ," ಅತ್ತಿಗೆ ಮುಂದುವರಿಸಿದಳು. "'ಒಂಬತ್ತನೇ ಹಾಡಿನ ಗದ್ದಲವೆಲ್ಲ ನಿಂತ ಮೇಲೆ ದಣಿದ ಹೆಣ್ಣುದನಿಯೊಂದು ಕೇಳುತ್ತದೆ: ಬರ್ತೀಯೋ ಇಲ್ವೋ? ಒಂದು ಮಾತು ಹೇಳು, ಸಾಕು. ತನ್ನ ಆಲ್ಬಮ್ಮಿಗೆ ತಾನೇ ಬಾರದ ದೊರೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ಇಡೀ ಆಲ್ಬಮ್ಮಿನಲ್ಲಿ ಮನಸ್ಸಿನಿಂದ ಬಂದ ಮಾತು ಇದೊಂದೇ.' ಯಾರೇ ಅದು ಹಾಡಿದ್ದು?"

ಆ ಹಾಡಿನಲ್ಲಿ ಹುಡುಗಿಯೇ ಇರಲಿಲ್ಲ.

ಅವಳು ಫೋನಿಟ್ಟು, ಹೆಡ್‌ಫೋನ್ ಏರಿಸಿ, ಹಾಡಿನ ಕೊನೆಗೆ ಹೋದಳು. ಬೀಟ್ ನಿಂತಿತು. ಆಮೇಲೆ ಬಂದದ್ದು ಅವಳದೇ ದನಿ. ಅವತ್ತು ಹಾಡಬೇಕಿದ್ದ ಅತಿಥಿ ಬರುವುದು ತಡವಾಗಿತ್ತು. ಮೈಕ್ ಸರಿಮಾಡಲು ಹಾಡುವವರ ಗಾಜಿನ ಬೂತ್‌ಗೆ ಹೋದವಳು ಅಲ್ಲೇ ನಿಂತು, ಅಣ್ಣನ ಹತ್ತಿರ ಮಾತಾಡಲು ಬರುತ್ತಾನೋ ಇಲ್ಲವೋ ಕೇಳಲು ತಕ್ಕಡಿಗೆ ಫೋನ್ ಮಾಡಿದ್ದಳು. ಮೈಕ್ ಆನ್ ಇತ್ತು, ರೆಕಾರ್ಡಿಂಗೂ ಓಡುತ್ತಿತ್ತು. ಮಿಕ್ಸ್ ಮಾಡುವಾಗ ಬೀಟ್ ಮುಗಿದೊಡನೆ ಕೇಳುವುದನ್ನು ನಿಲ್ಲಿಸುತ್ತಿದ್ದುದರಿಂದ, ಹಾಡಿನ ಬಾಲದಲ್ಲಿ ಉಳಿದ ಮಾತು ಹಾಗೇ ಊರಿಗೆಲ್ಲ ಹೋಗಿತ್ತು. ದೊರೆಗೆ ಗೊತ್ತಾದರೆ ಕೆಲಸಕ್ಕೇ ಸಂಚಕಾರ.

ನೆನೆದವರ ಮನದಲ್ಲಿ ಎಂಬಂತೆ ದೊರೆ ಕರಿ ಕನ್ನಡಕದ ಸಮೇತ ಒಳಗೆ ಬಂದರು.

"ಎಲ್ಲರೂ ಉಗ್ದಿದಾರೆ! ಆದ್ರೆ ಆ ಒಂಬತ್ತನೇ ಹಾಡಿನ ಹುಡುಗೀನ ಮಾತ್ರ ಒಬ್ರೂ ಬಿಡದೆ ಹೊಗಳಿದಾರೆ. ಅದು ನನ್ನದೇ ಐಡಿಯಾ ಅಂತ ಇಂಟರ್‌ವ್ಯೂನಲ್ಲಿ ಹೇಳ್ಬಿಟ್ಟೆ. ಅಂದ ಹಾಗೆ ಯಾರಮ್ಮ ಅವಳು?"

"ಯಾರೋ... ಹೊಸಬಳು ಸರ್."

"ಮುಂದಿನ ಆಲ್ಬಮ್‌ಗೂ ಕರೆಸು."

ಬಂದಷ್ಟೇ ವೇಗದಲ್ಲಿ ಹೊರಟೂ ಹೋದರು. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದವಳ ದನಿ ಅವರಿಗೆ ಗುರುತು ಸಿಗಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವಳು ತಲೆ ಎತ್ತಿದರೆ, ಬಾಗಿಲಲ್ಲಿ ತಕ್ಕಡಿ.

ಷರ್ಟಿನ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡಿದ್ದ. ಅವಳ ಕಣ್ಣು ಅಲ್ಲಿಗೆ ಹೋಯಿತು, ಅವನ ಕೈಯೂ ಹೋಯಿತು. ಅವಳು ನಗಲಿಲ್ಲ. ನಕ್ಕರೆ ಸಿಟ್ಟು ಕೈಬಿಟ್ಟುಹೋಗುತ್ತದೆಂಬ ಭಯ.

"ನನ್ನ ದನಿ ಅಂತ ಗೊತ್ತಿತ್ತಾ?"

"ಮೊದಲನೇ ಸಲಕ್ಕೇ."

"ಗೊತ್ತಿದ್ದೂ ಪೇಪರ್‌ಗೆ ಹಾಕ್ದೆ! ನನ್ನ ಕೆಲಸ ಹೋಗಿದ್ರೆ?"

"ನೀನು ಬೇಕಂತ್ಲೇ ಬಿಟ್ಟಿದೀಯ ಅನ್ಕೊಂಡೆ. ಕೇಳಿ ಕೇಳಿ ಸಾಕಾಗಿ, ಊರಿಗೆಲ್ಲ ಕೇಳೋ ಹಾಗೆ ಕೇಳಿದಾಳೆ ಅಂತ."

"ಹಾಗಿದ್ರೆ ದೊರೆಗೆ ಕೇಳಿದ್ದು ಅಂತ ಯಾಕೆ ಬರೆದೆ?"

"ನನಗೆ ಕೇಳಿದ್ದು ಅಂತ ಬರೆಯೋಕಾಗತ್ತಾ?" ಅವನು ದನಿ ತಗ್ಗಿಸಿದ. "ಅವತ್ತು ಫೋನಲ್ಲಿ ನನಗೆ ಬರೀ ಕೋಪ ಕೇಳಿಸ್ತು. ಹೆಡ್‌ಫೋನ್ ಹಾಕ್ಕೊಂಡಾಗ, ಮಾತು ಮುಗಿಸಿ ನೀನು ಕಾಯ್ತಾ ಇರೋದು ಕೇಳಿಸ್ತು. ಉಸಿರು ಬಿಗಿಹಿಡ್ಕೊಂಡು. ಅಷ್ಟು ಕಾದವಳಿಗೆ ನಾನು ಏನಂದೆ? 'ಯೋಚ್ನೆ ಮಾಡಿ ಹೇಳ್ತೀನಿ' ಅಂದೆ. ಥೂ, ನನ್ನ ಜನ್ಮಕ್ಕಿಷ್ಟು."

ಅವಳು ಸುಲಭಕ್ಕೆ ಬಿಡುವವಳಲ್ಲ.

"ಸರಿ, ಈಗ?"

"ಈಗ ಒಂದು ಕಡೆ ನೋಡಿದ್ರೆ..."

"ಒಳಗೆ ನಡಿ!"

ಅವನನ್ನು ಬೂತ್‌ಗೆ ದಬ್ಬಿ, ಮೈಕ್ ಮುಂದೆ ನಿಲ್ಲಿಸಿ, ಹೊರಗೆ ಬಂದು ಕೂತಳು. ಕೆಂಪು ದೀಪ ಹತ್ತಿತು. "ಒಂದೇ ಮಾತು. ಶುರು."

ಗಾಜಿನಾಚೆ ಅವನು ಗುಂಡಿ ಮುಟ್ಟಿಕೊಂಡ. ಅವಳನ್ನೇ ನೋಡಿದ.

"ಬರ್ತೀನಿ."

"ಲೆವೆಲ್ ಸಾಲದು. ಇನ್ನೊಂದ್ಸಲ."

"ಬರ್ತೀನಿ ಕಣೇ! ಭಾನುವಾರವೇ ಬರ್ತೀನಿ. ನಿಮ್ಮಣ್ಣನ ಎದುರು ಕೂತು ನಿನ್ನನ್ನ ಕೇಳ್ತೀನಿ!"

ದನಿ ಮಿತಿಮೀರಿ ಮೀಟರಿನ ಮುಳ್ಳು ಕೆಂಪಿಗೆ ಹೊಡೆಯಿತು. ಬೇರೆ ಯಾರೇ ಹಾಡಿದ್ದರೂ ಆ ಟೇಕನ್ನು ಅವಳು ಅಳಿಸಿ ಹಾಕುತ್ತಿದ್ದಳು. ಈಗ ಕಣ್ಣೊರೆಸಿಕೊಂಡು, ಹೆಡ್‌ಫೋನ್ ಬದಿಗಿಟ್ಟು, ತಾನೇ ಬೂತಿನೊಳಗೆ ಹೋದಳು. ಇಬ್ಬರು ನಿಲ್ಲುವಷ್ಟು ಜಾಗ ಅಲ್ಲಿರಲಿಲ್ಲ. ನಿಂತರು.

"ಮೈಕ್ ಆನ್ ಇದೆ," ಅವನು ಪಿಸುಗುಟ್ಟಿದ.

"ಗೊತ್ತು," ಎಂದಳು. "ಈ ಸಲ ಬೇಕಂತ್ಲೇ."