ಒಳಗಿನ ಹೊಲಿಗೆ

ಆ ಹೊಲಿಗೆ ಮಿಷನ್ ಬೇಡವೆಂದು ಮೊದಲು ಹೇಳಿದವರು ಅಂಗಡಿಯ ಮಾಲೀಕರಾದ ಇನಾಯತ್ ಉಲ್ಲಾ ಸಾಹೇಬರೇ. ಮಾರುವವರೇ ಮಾಲು ಬೇಡವೆಂದರೆ ಕೊಳ್ಳುವವರಿಗೆ ಒಂದಿಷ್ಟಾದರೂ ಅನುಮಾನ ಬರಬೇಕು. ವಿಮಲಾಕ್ಷಿಗೆ ಬರಲಿಲ್ಲ. ಹಠ ಹಿಡಿದವರ ಕಿವಿ ಅಷ್ಟು ಚುರುಕಾಗಿರುವುದಿಲ್ಲ.

ಅದು ೧೯೯೭ರ ಶ್ರಾವಣ. ಹಲಸೂರಿನ ಟೈಲರ್ ಒಬ್ಬ ಅವಳ ರೇಷ್ಮೆ ಬ್ಲೌಸಿನ ತೋಳನ್ನು ಗಿಡ್ಡ ಮಾಡಿ ಕೊಟ್ಟಿದ್ದ. ಇನ್ನು ಮೇಲೆ ನನ್ನ ಬಟ್ಟೆ ನಾನೇ ಹೊಲಿದುಕೊಳ್ಳುತ್ತೇನೆ ಎಂದು ಅವ್ವನ ಎದುರು ಶಪಥ ಮಾಡಿ, ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗೆ ಬಂದಿದ್ದಳು. ವಯಸ್ಸು ಇಪ್ಪತ್ತೊಂಬತ್ತು. ಸೂಜಿಗೆ ದಾರ ಪೋಣಿಸುವುದಷ್ಟೇ ಅವಳಿಗೆ ಬರುತ್ತಿದ್ದ ಹೊಲಿಗೆ.

“ಮೋಟರ್ ಇರೋದು ತೋರಿಸ್ರೀ.”

ಒಳಗೆ ಯಾವುದೋ ಮಿಷನ್ನನ್ನು ತಲೆಕೆಳಗು ಮಾಡಿ ಎಣ್ಣೆ ಬಿಡುತ್ತಿದ್ದ ಮೆಕ್ಯಾನಿಕ್ ತಲೆ ಎತ್ತದೆಯೇ ಕೇಳಿದ. “ಹೊಲಿಗೆ ಬರುತ್ತಾ ಮೇಡಂ?”

“ಬಂದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?”

ಈಗ ತಲೆ ಎತ್ತಿದ. ಮೂವತ್ತೈದರ ಆಸುಪಾಸು, ಹಣೆಯ ಮೇಲೆ ಎಣ್ಣೆಯ ಒಂದು ಬೊಟ್ಟು. ಹೆಸರು ವಿರೂಪಾಕ್ಷ. “ಹಾಗಾದ್ರೆ ಮೋಟರ್ ಬೇಡ. ಅದು ನಿಮ್ಮ ಕೈಗಿಂತ ಜೋರಾಗಿ ಓಡುತ್ತೆ, ಮೊದಲ ದಿನಾನೇ ಬೆರಳಿಗೆ ಸೂಜಿ ಹಾಕ್ಕೋತೀರಿ. ಕೈ ಮಿಷನ್ನೂ ಬೇಡ, ಒಂದು ಕೈ ಚಕ್ರಕ್ಕೇ ಹೋಗುತ್ತೆ. ಕಲಿಯೋರಿಗೆ ಕಾಲು ಮಿಷನ್ನೇ ಸರಿ. ಎರಡೂ ಕೈ ಬಟ್ಟೆ ಮೇಲಿರುತ್ತೆ. ನೀವು ನಿಂತ್ರೆ ಅದೂ ನಿಲ್ಲುತ್ತೆ.”

ಹೀಗೆಂದು ನೋಟ್‌ಬುಕ್ಕಿನ ಒಂದು ಗೆರೆ ಹಾಳೆ ಹರಿದು, ದಾರವಿಲ್ಲದ ಸೂಜಿಯ ಕೆಳಗಿಟ್ಟ. ಹಾಳೆಯ ಗೆರೆಯ ಮೇಲೆಯೇ ತೂತು ಬೀಳಬೇಕು, ಅದೇ ಪರೀಕ್ಷೆ. ಹೊಸ ಮಿಷನ್ನಿನ ಮೇಲೆ ಅವಳ ಕಾಲು ಹಿಂದಕ್ಕೆ ಒತ್ತಿತು, ಚಕ್ರ ಉಲ್ಟಾ ತಿರುಗಿತು, ಹಾಳೆ ಮುದ್ದೆಯಾಯಿತು. ಎರಡನೆಯದರಲ್ಲೂ ಅದೇ ಕಥೆ. ಅವನು ನಗು ತಡೆದುಕೊಳ್ಳುತ್ತಿದ್ದಾನೆಂದು ಅವಳಿಗೆ ಕಂಡಿತು. ಮುಖ ಬಿಸಿಯಾಯಿತು.

ಆಗಲೇ ಮೂಲೆಯಲ್ಲಿ ಹಳೆಯ ಸೀರೆ ಹೊದಿಸಿಟ್ಟಿದ್ದ ಮಿಷನ್ ಅವಳ ಕಣ್ಣಿಗೆ ಬಿದ್ದದ್ದು.

“ಅದು?”

“ನಕ್ಕೋ ಬೇಟಿ,” ಸಾಹೇಬರು ಗಲ್ಲಾದಿಂದ ಎದ್ದೇ ಬಿಟ್ಟರು. “ಅದು ಹಳೇದು. ನಿಮ್ಗೆ ಬ್ಯಾಡ.”

ವಿರೂಪಾಕ್ಷ ಎಣ್ಣೆಯ ಕೈ ಒರೆಸಿಕೊಂಡ. ಆಮೇಲೆ ಸೀರೆ ಸರಿಸಿ, “ಕೂತ್ಕೊಳ್ಳಿ,” ಎಂದ.

ಕಪ್ಪು ಮಿಷನ್. ಪೆಡಲ್ಲಿನ ಎಡಭಾಗ ಯಾರದೋ ಪಾದ ತುಳಿದು ತುಳಿದು ನುಣುಪಾಗಿತ್ತು. ವಿಮಲಾಕ್ಷಿ ಕಾಲಿಟ್ಟಳು. ಚಕ್ರ ಅವಳಿಗಾಗಿಯೇ ಕಾದಿದ್ದಂತೆ ಹೊರಟಿತು. ಹಾಳೆಯ ಗೆರೆಯ ಮೇಲೆ ತೂತುಗಳು ಸಾಲಾಗಿ ಬಿದ್ದವು. ವಿರೂಪಾಕ್ಷ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ, ನೋಡುತ್ತಲೇ ನಿಂತ. ಸಾಹೇಬರು ಮುಖ ಆಚೆ ತಿರುಗಿಸಿದರು. ವಿಮಲಾಕ್ಷಿಯ ಬೆನ್ನಿನಲ್ಲಿ ಯಾಕೋ ಸಣ್ಣಗೆ ಚಳಿ ಹತ್ತಿತು. ಅದನ್ನು ಖುಷಿಯೆಂದೇ ಅವಳು ತಿಳಿದಳು.

“ಇದನ್ನೇ ಕೊಡಿ,” ಎಂದಳು.

ಅವನು ಹೊಸ ಸೂಜಿಯೊಂದನ್ನು ಹಲಗೆಯ ಮೇಲಿಟ್ಟ. ಅವಳು ಅಂಗೈ ಚಾಚಿಯೇ ಇದ್ದಳು.

“ಸೂಜಿ, ಕತ್ತರಿ, ಬ್ಲೇಡು ಕೈಯಿಂದ ಕೈಗೆ ಕೊಡಲ್ಲ ಮೇಡಂ. ಜಗಳ ಆಗುತ್ತಂತೆ.”

“ಜಗಳ ಆಡೋಕೆ ನಾವೇನು ಗಂಡ ಹೆಂಡ್ತಿನಾ?”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನ ಕಿವಿ ಕೆಂಪಾಯಿತು. ಅದನ್ನು ಮರೆಸಲೆಂದೋ ಏನೋ ಬಗ್ಗಿ, ಮಿಷನ್ನಿನ ಬಲಗಡೆಯ ಡ್ರಾಯರ್ ತೋರಿಸಿದ. “ಇದು ತೆಗೆಯೋಕೆ ಬರಲ್ಲ. ಕೀ ಇಲ್ಲ. ಹಾಗೇ ಬಿಟ್ಬಿಡಿ.”

*

ಮೊದಲು ದಿಂಬಿನ ಕವರು. ಆಮೇಲೆ ತರಕಾರಿ ಚೀಲ, ಬಾಗಿಲ ಪರದೆ. ಪರದೆಯ ಒಂದು ಕಡೆ ಎರಡಂಗುಲ ಕೆಳಗಿಳಿದಿತ್ತು. “ಗಾಳಿ ಬಂದಾಗ ಗೊತ್ತಾಗಲ್ಲ ಬಿಡು,” ಎಂದು ಅವ್ವ ಸಮಾಧಾನ ಹೇಳಿದಳು.

ಮಿಷನ್ ಮಾತ್ರ ವಾರಕ್ಕೊಮ್ಮೆ ಕೆಡುತ್ತಿತ್ತು. ಶಿವಾಜಿನಗರದಿಂದ ಕೃಷ್ಣರಾಜಪುರದ ಮನೆಗೆ ಹೋಗುವ ದಾರಿಯಲ್ಲಿ ವಿರೂಪಾಕ್ಷ ಹಲಸೂರಿನಲ್ಲಿ ಇಳಿಯುತ್ತಿದ್ದ, ಐದೇ ನಿಮಿಷದಲ್ಲಿ ಸರಿ ಮಾಡುತ್ತಿದ್ದ, ಒಂದು ಗಂಟೆ ಕೂರುತ್ತಿದ್ದ.

“ಸೂಜಿ ಮತ್ತೆ ಉಲ್ಟಾ ಹಾಕಿದೀರಿ. ನಾಲ್ಕನೇ ಸಲ. ಬೇಕೂಂತ್ಲೇ ಹಾಕಿದೀರಿ.”

“ಗೊತ್ತಿದ್ದೂ ಬರ್ತೀರಲ್ಲ.”

“ನನ್ನ ಬಸ್ಸು ಇದೇ ದಾರೀಲಿ ಹೋಗುತ್ತೆ.”

“ಬಸ್ಸು ಹೋಗುತ್ತೆ. ನೀವ್ಯಾಕೆ ಇಳೀತೀರಿ?”

ಅವನು ಬಾಬಿನ್‌ಗೆ ದಾರ ಸುತ್ತುತ್ತಿದ್ದ. ತುಟಿಯ ಒಂದು ಕೊನೆ ಮಾತ್ರ ನಗುತ್ತಿತ್ತು. ಆ ಅರ್ಧ ನಗುವಿಗಾಗಿ ವಿಮಲಾಕ್ಷಿ ವಾರವಿಡೀ ಕಾಯುತ್ತಿದ್ದಳು.

ಆದರೂ ಅವನ ನೋಟದಲ್ಲಿ ಅವಳಿಗೆ ಅರ್ಥವಾಗದ್ದೊಂದಿತ್ತು. ಬಂದವನೇ ಅವಳ ಮಣಿಕಟ್ಟು ನೋಡುತ್ತಿದ್ದ, ಕೊರಳಿನ ಮೂಳೆ ನೋಡುತ್ತಿದ್ದ. ಪ್ರೀತಿಸುವವರು ಕಣ್ಣು ನೋಡುತ್ತಾರೆ, ಇವನು ಅಳತೆ ತೆಗೆಯುವವನಂತೆ ನೋಡುತ್ತಿದ್ದ. “ಊಟ ಆಯ್ತಾ?” ಎನ್ನುವುದೇ ಮೊದಲ ಮಾತು. ಒಂದು ದಿನ ಆಗಿಲ್ಲವೆಂದಾಗ ಅವನ ಮುಖ ಬಿಳುಚಿಕೊಂಡಿತು.

ಅವ್ವ ಸುಮ್ಮನಿರುವವಳಲ್ಲ. ಅಂಗಡಿಗೇ ಹೋಗಿ ವಿಚಾರಿಸಿಕೊಂಡು ಬಂದಳು.

“ಅವ್ನಿಗೆ ಹೆಂಡ್ತಿ ಇದ್ಲಂತೆ. ನೀಲಾಂಬಿಕಾ ಅಂತ. ಈ ಮಿಷನ್ ಅವಳದೇ ಅಂತೆ. ಮೂರು ವರ್ಷದ ಹಿಂದೆ ತೀರ್ಕೊಂಡ್ಲಂತೆ.”

“ಏನಾಗಿತ್ತಂತೆ?”

“ಸಣ್ಣಗಾಗ್ತಾ ಹೋದ್ಲು ಅಂದ್ರು ಆ ಸಾಹೇಬ್ರು. ಮುಂದೆ ಬಾಯಿ ಬಿಡ್ಲಿಲ್ಲ.” ಅವ್ವ ದನಿ ತಗ್ಗಿಸಿದಳು. “ಹೆಣ್ಣುಮಗಳು ಸುಮ್ ಸುಮ್ನೆ ಸಣ್ಣಗಾಗಲ್ಲ ವಿಮಲಾ. ಪೇಪರ್‌ನಾಗೆ ದಿನಾ ಓದ್ತಿಲ್ವಾ, ಸ್ಟವ್ ಸಿಡೀತು ಅಂತ. ಆ ಮನೇಲಿ ಏನಿತ್ತೋ.”

ವಿಮಲಾಕ್ಷಿ ನಕ್ಕುಬಿಟ್ಟಳು. ಆದರೆ ಪೆಡಲ್ ತುಳಿಯುವಾಗ ಆ ನುಣುಪು ಜಾಗ ಮೊದಲ ಬಾರಿಗೆ ತಣ್ಣಗನ್ನಿಸಿತು. ಅದು ಯಾರ ಪಾದವೆಂದು ಈಗ ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನೆಲ ಒರೆಸಲು ಮಿಷನ್ ಎಳೆದಾಗ ಅದರ ಕಾಲೊಂದು ಹೊಸ್ತಿಲಿಗೆ ಬಡಿದು, ಬೀಗ ಹಾಕಿದ್ದ ಡ್ರಾಯರ್ ತಾನಾಗಿಯೇ ಬಾಯಿ ಬಿಟ್ಟಿತು. ಒಳಗಿದ್ದದ್ದು ಒಂದೇ ಒಂದು ಬ್ಲೌಸು, ಕುಂಕುಮದ ಬಣ್ಣದ್ದು. ನಾಲ್ಕು ತಿಂಗಳ ಹೊಲಿಗೆ ಅವಳಿಗೆ ಇಷ್ಟಂತೂ ಕಲಿಸಿತ್ತು: ಬಟ್ಟೆ ಕೈಗೆ ಬಂದರೆ ಮೊದಲು ಒಳಮೈ ತಿರುಗಿಸಿ ನೋಡಬೇಕು. ತಿರುಗಿಸಿದಳು. ಪಕ್ಕದ ಹೊಲಿಗೆ ಒಂದಲ್ಲ, ನಾಲ್ಕು. ಒಂದರ ಒಳಗೆ ಒಂದು, ಅರ್ಧರ್ಧ ಬೆರಳು ಒಳಕ್ಕೆ. ದಪ್ಪ ಮೈಯೊಂದು ಮೂರು ಸಲ ಬಡಕಲಾದ ಲೆಕ್ಕ ಅಲ್ಲಿತ್ತು. ನಾಲ್ಕನೆಯ ಸಾಲಿನಾಚೆ ಚಾಕ್‌ನಿಂದ ಎಳೆದ ಒಂದು ಗೆರೆ, ಅದರ ಮೇಲೆ ಹೊಲಿಗೆ ಬಿದ್ದಿರಲಿಲ್ಲ.

ಸಂಜೆ ಅವನು ಬಂದಾಗ ಅವಳು ಬ್ಲೌಸನ್ನು ಮಿಷನ್ನಿನ ಮೇಲೆ ಹರಡಿಟ್ಟಿದ್ದಳು.

“ಇವರಿಗೆ ಊಟ ಹಾಕ್ತಿದ್ರಾ?” ಎಂದು ಕೇಳಿದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು.

ಅವನು ನಿಂತಲ್ಲೇ ನಿಂತ. ಬ್ಲೌಸಿನತ್ತ ಕೈ ಚಾಚಿ, ಮುಟ್ಟದೆ ಹಿಂದಕ್ಕೆ ಎಳೆದುಕೊಂಡ.

“ಅವಳಿಗೆ ಕಾಯಿಲೆ ಇತ್ತು. ಇಳೀತಾ ಹೋದ್ಲು. ಎಲ್ರೂ ಸಣ್ಣಗಾದೆ ಸಣ್ಣಗಾದೆ ಅನ್ನೋರು, ಅವಳು ಹೆದರೋಳು. ಬ್ಲೌಸ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಕೊಂಡು, ನೋಡ್ರೀ, ಮೊದಲಿನ ಹಾಗೇ ಸರಿಯಾಗಿದೆ, ಜನ ಸುಮ್ನೆ ಹೇಳ್ತಾರೆ ಅನ್ನೋಳು. ಸರಿಯಾಗಿ ಇರ್ಲಿ ಅಂತ... ಅವಳು ಸ್ನಾನಕ್ಕೆ ಹೋದಾಗ ನಾನೇ ಒಂದೊಂದು ಸಾಲು ಒಳಗೆ ಹಿಡೀತಿದ್ದೆ. ಅವಳಿಗೆ ಗೊತ್ತಾಗಬಾರದು ಅಂತ. ಆಸ್ಪತ್ರೆಗೆ ಹೋಗೋ ಹೊತ್ತಿಗೆ, ಇಷ್ಟು ತಡ ಯಾಕೆ ಮಾಡಿದ್ರಿ ಅಂದ್ರು ಡಾಕ್ಟ್ರು. ಅವಳು ಹೋದ ದಿನ ಇದನ್ನ ತಿರುಗಿಸಿಯೂ ನೋಡದೆ ಇಲ್ಲಿಟ್ಟು ಕೀ ಎಸೆದೆ.” ಅವನು ಉಸಿರೆಳೆದುಕೊಂಡ. “ಕೊನೇವರೆಗೂ ಅವಳಿಗೆ ಗೊತ್ತಾಗ್ಲಿಲ್ಲ. ಅದೊಂದೇ ನನ್ನ ಸಮಾಧಾನ.”

“ಈ ಗೆರೆ ನೀವು ಹಾಕಿದ್ದಾ?”

“ಯಾವ ಗೆರೆ?”

ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ನಾಲ್ಕನೆಯ ಸಾಲಿನಾಚೆ, ಮುಂದಿನ ಹೊಲಿಗೆ ಎಲ್ಲಿ ಬೀಳಬೇಕೋ ಅಲ್ಲಿ, ನಡುಗುವ ಕೈ ಎಳೆದ ಬಿಳಿ ಗೆರೆ. ತೋಳಿನಿಂದ ಸೊಂಟದವರೆಗೆ, ಅವನಿಗೆ ಅಳತೆ ತಪ್ಪದಿರಲೆಂದು.

ವಿರೂಪಾಕ್ಷ ನೆಲದ ಮೇಲೆ ಕುಸಿದು ಕೂತ. “ಗೊತ್ತಿತ್ತು,” ಎಂದ. “ಅವಳಿಗೆ ಗೊತ್ತಿತ್ತು.”

ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೆಯಾಗಬಾರದೆಂದು ಬಾಯಿ ಮುಚ್ಚಿಕೊಂಡು ದಿನ ಕಳೆದಿದ್ದರು. ಆ ದಿನಗಳಲ್ಲಿ ಒಂದು ದಿನ ಯಾರಾದರೂ ಬಾಯಿ ಬಿಟ್ಟಿದ್ದರೆ ಆಕೆ ಬದುಕುತ್ತಿದ್ದಳೇನೋ. ಹೀಗೆ ಪ್ರೀತಿಸುವ ಗಂಡಸನ್ನು ವಿಮಲಾಕ್ಷಿ ಕಂಡಿರಲಿಲ್ಲ, ಇಂಥ ಪ್ರೀತಿಗೆ ಇಷ್ಟು ಹೆದರಿಯೂ ಇರಲಿಲ್ಲ. ಆದರೂ ಹೋಗಿ ಅವನ ಪಕ್ಕದಲ್ಲಿ ಕೂತಳು.

“ನಾನು ನಿಮ್ಮನ್ನ ಮದುವೆ ಆಗ್ತೀನಿ,” ಎಂದಳು. “ಒಂದೇ ಷರತ್ತು. ನನ್ನ ಬಟ್ಟೆಯ ಹೊಲಿಗೆ ನೀವು ಮುಟ್ಟಬಾರದು. ಏನೇ ಕಂಡ್ರೂ ನನಗೆ ಹೇಳ್ಬೇಕು. ಬಾಯಿ ಬಿಟ್ಟು.”

ಅವನು ಕಪ್ಪು ಮಿಷನ್ನಿನ ಮೇಲೆ ಕೈಯಿಟ್ಟು ಆಣೆ ಮಾಡಿದ.

*

ಮಾಘದಲ್ಲಿ ಮದುವೆಯಾಯಿತು. ಮಿಷನ್ ಕೃಷ್ಣರಾಜಪುರಕ್ಕೆ, ತಾನು ಮೊದಲಿದ್ದ ಕಿಟಕಿಯ ಬಳಿಗೇ ವಾಪಸು ಬಂತು. ರೈಲು ಹೋದಾಗಲೆಲ್ಲ ಅದರ ಸೂಜಿ ಸಣ್ಣಗೆ ಅದುರುತ್ತಿತ್ತು.

ಅಲ್ಲಿ ವಿಮಲಾಕ್ಷಿ ತನ್ನ ಮೊದಲ ಬ್ಲೌಸು ಹೊಲಿದಳು. ಗಿಳಿಹಸಿರು ಬಣ್ಣ. ಹೊಲಿಗೆ ಹಾವಿನಂತೆ ಹರಿದಿತ್ತು, ಕತ್ತರಿಸಲು ಧೈರ್ಯ ಸಾಲದೆ ಹೊಲಿಗೆಯಾಚೆ ಎರಡಂಗುಲ ಮಾರ್ಜಿನ್ ಬಿಟ್ಟಿದ್ದಳು, ಆದರೆ ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ಹಾಕಿಕೊಂಡು ಅವನ ಮುಂದೆ ಒಂದು ಸುತ್ತು ತಿರುಗಿದಳು. “ಟೈಲರ್ ಮೇಡಂ, ನಮಗೂ ಒಂದು ಅಂಗಿ,” ಎಂದು ಅವನು ಕೈ ಮುಗಿದ. ಅಂಥ ಪೂರ್ತಿ ನಗು ಅವನ ಮುಖದಲ್ಲಿ ಅವಳು ನೋಡಿದ್ದು ಅದೇ ಮೊದಲು.

ದೀಪಾವಳಿಯ ಹೊತ್ತಿಗೆ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. “ತುಂಬಾ ಸಣ್ಣ ಆಗಿದೀರಿ ವಿಮಲಾ,” ಎಂದು ಆಫೀಸಿನಲ್ಲಿ ವಾಜಿದಾ ಎರಡು ಸಲ ಹೇಳಿದಳು.

“ಇಲ್ಲಪ್ಪ. ನೋಡಿ, ಈ ಬ್ಲೌಸ್ ಆಗ ಹೇಗಿತ್ತೋ ಈಗ್ಲೂ ಹಾಗೇ ಇದೆ,” ಎಂದು ವಿಮಲಾಕ್ಷಿ ತೋಳೆತ್ತಿ ತೋರಿಸಿದಳು.

ಹೇಳಿದ ಮಾತು ಎಲ್ಲೋ ಕೇಳಿದಂತಿತ್ತು. ಎಲ್ಲೆಂದು ಆಗ ಹೊಳೆಯಲಿಲ್ಲ.

ಹೊಳೆದದ್ದು ಮುಂದಿನ ಶುಕ್ರವಾರ. ಸಾಹೇಬರ ಅಂಗಡಿಗೆ ಶುಕ್ರವಾರ ರಜೆ, ವಿರೂಪಾಕ್ಷ ಮನೆಯಲ್ಲೇ ಇರುತ್ತಿದ್ದ. ತಲೆ ಸುತ್ತಿದಂತಾಗಿ ಅವಳು ಮಧ್ಯಾಹ್ನವೇ ಆಫೀಸಿನಿಂದ ಹೊರಟಳು. ಓಣಿಯ ತಿರುವಿನಲ್ಲೇ ಸದ್ದು ಕೇಳಿಸಿತು. ಮಿಷನ್ ಓಡುತ್ತಿತ್ತು. ಒಂದೇ ಹದದಲ್ಲಿ, ಎಲ್ಲೂ ತಡವರಿಸದೆ, ಒಂದು ಉದ್ದನೆಯ ಸಾಲು. ಅವಳು ಬಿಸಿಲಲ್ಲಿ ನಿಂತು ಅದು ಮುಗಿಯುವವರೆಗೂ ಕೇಳಿದಳು.

ಒಳಗೆ ಹೋದಾಗ ಅವನು ಧಡಕ್ಕನೆ ಎದ್ದ. ಮಡಿಲಿನಿಂದ ಗಿಳಿಹಸಿರು ಜಾರಿ ನೆಲಕ್ಕೆ ಬಿತ್ತು.

ಅವಳು ಎತ್ತಿಕೊಂಡು ಒಳಮೈ ತಿರುಗಿಸಿದಳು. ತನ್ನ ಸೊಟ್ಟ ಹೊಲಿಗೆಯ ಪಕ್ಕದಲ್ಲಿ, ಗೆರೆ ಹಾಳೆಯಷ್ಟು ನೇರವಾಗಿ, ಎರಡು ಸಾಲು. ಎರಡನೆಯದರ ದಾರದ ತುದಿ ಇನ್ನೂ ಕತ್ತರಿಸಿರಲಿಲ್ಲ.

“ಯಾವಾಗಿಂದ?”

“ಗೌರಿ ಹಬ್ಬದಿಂದ.” ಅವನು ಆ ದಾರದ ತುದಿಯನ್ನೇ ನೋಡುತ್ತಿದ್ದ. “ದಿನಾ ಹೇಳ್ಬೇಕು ಅಂದ್ಕೋತಿದ್ದೆ ವಿಮಲಾ. ಬಾಯಿ ಬಿಟ್ರೆ ನಿಜ ಆಗಿಬಿಡುತ್ತೆ ಅನ್ಸೋದು. ಕೈ ತಾನಾಗೇ ಮಿಷನ್ ಹತ್ರ ಹೋಗೋದು.”

ಸಿಟ್ಟು, ಭಯ, ಅವನ ಮೇಲಿನ ಅಕ್ಕರೆ ಎಲ್ಲ ಒಟ್ಟಿಗೇ ಬಂತು. ಸುಮ್ಮನಿದ್ದುಬಿಡುವುದು ಎಷ್ಟು ಸುಲಭವೆಂದು ಅವಳಿಗೆ ಆ ಕ್ಷಣ ತಿಳಿಯಿತು. ಬ್ಲೌಸು ಹಾಕಿಕೊಳ್ಳಬಹುದು, ಚೆನ್ನಾಗಿ ಕೂತಿದೆ ಎನ್ನಬಹುದು, ಮುಂದಿನ ಸಾಲಿಗೆ ತಾನೇ ಚಾಕ್‌ನಿಂದ ಗೆರೆ ಎಳೆದಿಡಬಹುದು. ಕಿಟಕಿಯಾಚೆ ರೈಲು ಹೋಯಿತು. ಸೂಜಿ ಅದುರಿತು.

“ಬ್ಲೇಡ್ ಕೊಡ್ರೀ.”

ಅವನು ಅಭ್ಯಾಸಬಲದಿಂದ ಹಲಗೆಯ ಮೇಲಿಟ್ಟ.

“ಕೈಗೆ ಕೊಡಿ.”

“ಬೇಡ ವಿಮಲಾ. ಜಗಳ—”

“ಆಗ್ಲಿ. ಈ ಮನೇಲಿ ಜಗಳ ಆಡಬೇಕಾದಾಗ ಯಾರೂ ಆಡ್ಲಿಲ್ಲ. ಅದಕ್ಕೇ ಒಬ್ರು ಹೋದ್ರು.”

ಅವನು ಬ್ಲೇಡನ್ನು ಅವಳ ಅಂಗೈಗಿಟ್ಟ. ಅವನ ಬೆರಳುಗಳು ತಣ್ಣಗಿದ್ದವು. ಅವಳು ಕಿಟಕಿಯ ಬಳಿ ಕೂತು ಎರಡೂ ಸಾಲುಗಳನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚಿದಳು. ಒಳಗೆ ಹೋಗಿ ಅದನ್ನೇ ಹಾಕಿಕೊಂಡು ಬಂದಳು. ಭುಜದಿಂದ ಜಾರುತ್ತಿತ್ತು, ಪಕ್ಕದಲ್ಲಿ ಒಂದು ಹಿಡಿಯಷ್ಟು ಬಟ್ಟೆ ಜೋತುಬಿದ್ದಿತ್ತು. ಕನ್ನಡಿಯಲ್ಲಿ ಅವಳು ತನ್ನನ್ನು ಪೂರ್ತಿಯಾಗಿ ನೋಡಿಕೊಂಡಳು.

ವಿರೂಪಾಕ್ಷ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ಆಮೇಲೆ ಅಳೋಣ, ಇಬ್ರೂ ಸೇರಿ,” ಎಂದು ಅವಳು ಅವನ ರಟ್ಟೆ ಹಿಡಿದು ಎಬ್ಬಿಸಿದಳು. “ಈಗ ಆಟೋ ಹಿಡೀರಿ. ಆಸ್ಪತ್ರೇಲಿ ಡಾಕ್ಟ್ರು ಇರೋ ಹೊತ್ತಿಗೆ ಹೋಗ್ಬೇಕು.”

ಅವನು ಕಣ್ಣೊರೆಸಿಕೊಂಡು, ಕೈ ತಡೆಯಲಾಗದೆ, ಮಿಷನ್ನಿನ ಮೇಲಿದ್ದ ಪಿನ್ ತೆಗೆದು ಅವಳ ಪಕ್ಕಕ್ಕೆ ಚುಚ್ಚಲು ಹೋದ. ಅವಳು ಆ ಕೈಯನ್ನು ಪಿನ್ ಸಮೇತ ಹಿಡಿದುಕೊಂಡಳು.

“ಬೇಡ. ಸಡಿಲವಾಗೇ ಇರ್ಲಿ,” ಎಂದಳು. “ಡಾಕ್ಟ್ರು ನೋಡ್ಲಿ.”