ಅಡುಗೆಮನೆ ಕಿಡ್ನಾಪ್!

ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದ ಅಡುಗೆಮನೆಯ ಕಿಟಕಿ ಹಿಡಿದು ನೇತಾಡುತ್ತಿದ್ದೆ!

ನಗಬೇಡಿ. ಕೆಳಗೆ ರಸ್ತೆ. ಹಿಂದೆಲ್ಲೋ ಚರಂಡಿಯಲ್ಲಿ ನನ್ನ ಬೈಕು. ಕೈ ಜಾರಿದರೆ ನನ್ನ ಕತೆ ಫಿನಿಷ್.

ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕೆಲಸ. ಕಾರು, ನಾಯಿ, ಗಂಡ... ಎಲ್ಲಾ ಹುಡುಕಿದ್ದೇನೆ. ಅಡುಗೆಮನೆ ಮಾತ್ರ ಇದೇ ಮೊದಲು.

ಮಧ್ಯಾಹ್ನ ಒಂದಕ್ಕೆ ಟೀಚರಮ್ಮ ಒಬ್ಬರು ಫೋನಿನಲ್ಲಿ ಅಳುತ್ತಿದ್ದರು.

“ಸರ್, ಫ್ಯಾಕ್ಟರೀಲೇ ರೆಡಿ ಮಾಡಿದ ನಮ್ಮ ಹೊಸ ಮನೆ ಮೂರು ಲಾರೀಲಿ ಹೊರಟಿತ್ತು. ಹಾಲ್ ಬಂತು, ಬೆಡ್‌ರೂಮ್ ಬಂತು. ಅಡುಗೆಮನೆ ಬಂದೇ ಇಲ್ಲ! ಡ್ರೈವರ್ ದಾರಿ ಕೇಳೋಕೆ ಇಳಿದಿದ್ನಂತೆ, ಯಾರೋ ಲಾರೀನೇ ಹೊಡ್ಕೊಂಡು ಹೋಗಿದಾರೆ!”

“ಎಷ್ಟೊತ್ತಿಗೆ ಬೇಕು?”

“ಐದಕ್ಕೆ ಕ್ರೇನ್ ಹೊರಟುಬಿಡುತ್ತೆ. ಬಾಡಿಗೆ ಮನೆ ಕೀ ಓನರ್‌ಗೆ ಕೊಟ್ಟಾಯ್ತು. ನಮ್ಮತ್ತೆ ಫುಟ್‌ಪಾತ್ ಮೇಲೆ ಸೋಫಾ ಹಾಕ್ಕೊಂಡು ಕೂತಿದಾರೆ... ನನ್ನನ್ನೇ ನೋಡ್ತಾ!”

ಕೊನೆಯ ಮಾತು ಕೇಳಿದ್ದೇ ಬೈಕು ಹತ್ತಿದೆ.

ಅಡುಗೆಮನೆ ಹೊತ್ತ ಲಾರಿಯನ್ನು ಬಚ್ಚಿಡುವುದು ಸುಲಭವಲ್ಲ. ಮೂರು ಪೆಟ್ರೋಲ್ ಬಂಕ್‌ನಲ್ಲಿ ವಿಚಾರಿಸಿದೆ. ಎಲ್ಲರೂ ಒಂದೇ ಕಡೆ ಬೆರಳು ತೋರಿಸಿದರು. ಬೆನ್ನಟ್ಟಿದೆ. ಹಾರಿದೆ. ನೇತಾಡಿದೆ!

ಲಾರಿ ಇಟ್ಟಿಗೆ ಗೂಡಿನ ಮುಂದೆ ಗಕ್ಕನೆ ನಿಂತಿತು. ನಾನು ಕಿಟಕಿಯಿಂದ ಒಳಗೆ ಬಿದ್ದೆ... ನೇರವಾಗಿ ಸಿಂಕಿಗೆ!

ಬಾಗಿಲು ತೆರೆಯಿತು. ಅರವತ್ತರ ಮುದುಕ. ಕೈಯಲ್ಲಿ ಸುತ್ತಿಗೆ.

“ಯಾರಯ್ಯಾ ನೀನು?” ಎಂದೆ.

“ಮೇಸ್ತ್ರಿ! ಮೂವತ್ತು ವರ್ಷದಿಂದ ಆ ಟೀಚರಮ್ಮನ ಏರಿಯಾದಲ್ಲಿ ಎದ್ದ ಗೋಡೆ ಎಲ್ಲಾ ನಂದೇ. ಹೋದ ವರ್ಷ ಇಂಥ ಡಬ್ಬಾ ಮನೆ ಒಂದು ಬಂತು. ಈ ವರ್ಷ ಒಂಬತ್ತು! ಇಲ್ಲಿ ಪಾಯ ಹಾಕ್ತಿರುವಾಗ್ಲೇ ಅಲ್ಲಿ ಫ್ಯಾಕ್ಟರೀಲಿ ಗೋಡೆ ರೆಡಿ. ಮಳೆ ಬಂದ್ರೂ ಕೆಲಸ ನಿಲ್ಲಲ್ಲ. ಟೈಲ್ಸು, ಪೈಪು, ವೈರಿಂಗು... ಎಲ್ಲಾ ಅಲ್ಲೇ! ನಾನೇನು ಮಣ್ಣು ತಿನ್ಲಾ? ಒಡೆದು ಪುಡಿ ಮಾಡ್ತೀನಿ ಇದನ್ನ!”

ಸುತ್ತಿಗೆ ಎತ್ತಿದ.

ಹಾಗೇ ನಿಂತ. ಜೇಬಿನಿಂದ ದಾರ ಕಟ್ಟಿದ ತೂಗುಗುಂಡು ತೆಗೆದ. ಗೋಡೆಯ ಪಕ್ಕ ಇಳಿಬಿಟ್ಟ. ಒಂದು ಕಣ್ಣು ಮುಚ್ಚಿ ನೋಡಿದ. ಮೂವತ್ತು ವರ್ಷದ ಚಾಳಿ, ಪಾಪ. ಒಡೆಯುವ ಗೋಡೆಯಾದರೂ ನೆಟ್ಟಗಿದೆಯೋ ಇಲ್ಲವೋ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ.

“ಒಂದು ನೂಲೂ ಆಚೀಚೆ ಇಲ್ವಲ್ಲೋ...”

ಸುತ್ತಿಗೆ ಬಿಸಾಕಿ ಗಳಗಳನೆ ಅತ್ತುಬಿಟ್ಟ.

ಗಂಟೆ ನಾಲ್ಕು! ಟೀಚರಮ್ಮನಿಗೆ ಫೋನ್ ಹಚ್ಚಿದೆ.

“ಸಿಕ್ತು. ಆದ್ರೆ ಒಬ್ಬ ಮೇಸ್ತ್ರಿಗೆ ಕೆಲಸ ಕೊಡಬೇಕು. ಕಾಂಪೌಂಡ್ ಗೋಡೆ ಕಟ್ಟಿಸ್ತೀರಾ?”

“ಕೋಟೆ ಬೇಕಾದ್ರೂ ಕಟ್ಟಿಸ್ತೀನಿ, ಬೇಗ ಬನ್ನಿ! ಅತ್ತೆ ಎದ್ದು ನಿಂತಿದಾರೆ!”

ಮೇಸ್ತ್ರಿಯೇ ಲಾರಿಯನ್ನು ವಾಪಸ್ ಹಾರಿಸಿಕೊಂಡು ಬಂದ. ಐದಕ್ಕೆ ಹತ್ತು ನಿಮಿಷವಿದ್ದಾಗ ಕ್ರೇನ್ ಅಡುಗೆಮನೆ ಎತ್ತಿತು. ಐದಕ್ಕೆ ಬೋಲ್ಟ್ ಬಿಗಿಯಾಯಿತು, ಪೈಪು ಸೇರಿತು. ಅತ್ತೆ ಒಳಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಂತು. ಸೊಸೆಯನ್ನು ನೋಡಿ ನಕ್ಕೇಬಿಟ್ಟರು!

ಮನೆ ಒಂದೇ ದಿನದಲ್ಲಿ ಎದ್ದಿತು.

ಕಾಂಪೌಂಡ್ ಗೋಡೆಗೆ ಇವತ್ತಿಗೆ ಎಂಟು ತಿಂಗಳು. ಮೊಣಕಾಲಿನವರೆಗೆ ಬಂದಿದೆ. ಮೇಸ್ತ್ರಿ ಹೇಳುತ್ತಾನೆ... “ನಾಳೆ ಮುಗಿದುಹೋಗುತ್ತೆ!”