ಆಟಿಯಲ್ಲಿ ಮದುವೆಯಾದವಳು

ಜನವರಿಯ ಒಂದು ಮಂಗಳವಾರ, ಮಧ್ಯಾಹ್ನದ ಹೊತ್ತಿಗೆ ಪಾಣೆಮಂಗಳೂರಿನ ಟ್ಯಾಕ್ಸಿ ಚಾಲಕ ನಿಝಾರ್ ಬೆಳ್ತಂಗಡಿ ಠಾಣೆಗೆ ಬಂದ. ಅಂಗಿಯ ತುಂಬ ರಕ್ತ. ಅದರಲ್ಲಿ ಅವನದು ಸ್ವಲ್ಪವೇ.

"ನನ್ನ ಪ್ಯಾಸೆಂಜರಿಗೆ ಹೊಡೆದ್ರು ಸರ್. ನೆರಿಯದ ಬಸ್‌ಸ್ಟ್ಯಾಂಡಿನಲ್ಲಿ. ಮಕ್ಕಳ ಕಳ್ಳಿ ಅಂತ."

ಇನ್‌ಸ್ಪೆಕ್ಟರ್ ನಿತ್ಯಾನಂದ ಕುರ್ಚಿ ತೋರಿಸಿದರು. "ಯಾರು ಆಕೆ?"

"ಅನೆಲಿ ಅಂತ, ಸ್ವೀಡನ್ನಿನವರು. ಆದ್ರೆ ಹುಟ್ಟಿದ್ದು ನೆರಿಯದಲ್ಲೇ. ಹಸುಗೂಸು ಇರುವಾಗ ಆಶ್ರಮದಿಂದ ದತ್ತು ತೆಗೊಂಡು ಹೋದದ್ದಂತೆ. ಹೆತ್ತ ಅಮ್ಮನನ್ನು ಹುಡುಕಿಕೊಂಡು ಬಂದವರು."

"ಈಗ?"

"ಮೂಡುಬಿದಿರೆಯ ಆಸ್ಪತ್ರೆಗೆ ಸೇರಿಸಿ ಬಂದೆ. ಎಡಗಣ್ಣು ಹೋಯ್ತು ಅಂದ್ರು ಡಾಕ್ಟರು."

ಎಫ್‌ಐಆರ್ ದಾಖಲಾಯಿತು. ನೆರಿಯದಲ್ಲಿ ಮಹಜರು ಬರೆದು, ರಕ್ತ ಹತ್ತಿದ ಜಲ್ಲಿಕಲ್ಲನ್ನು ವಶಕ್ಕೆ ಪಡೆದರು. ಹೊಡೆದವರನ್ನು ಯಾರೂ ನೋಡಿರಲಿಲ್ಲ. ಗುಂಪಿನಲ್ಲಿ ಗೋವಿಂದ ಎಂದು ಕೂಗುವಾಗ ಇದ್ದ ಗಂಟಲು ಪೊಲೀಸರ ಮುಂದೆ ಕಟ್ಟಿಹೋಗಿತ್ತು. ಹೋಟೆಲಿನ ಗುರುವಪ್ಪನಿಗೆ ಮಾತ್ರ ಅಭಿಪ್ರಾಯಗಳಿಗೆ ಬರಗಾಲವಿರಲಿಲ್ಲ.

"ಫಾರಿನಿನವರು ನಮ್ಮ ಮಕ್ಕಳನ್ನು ಸಾಕ್ಲಿಕ್ಕೆ ತೆಗೊಂಡು ಹೋಗುದಾ ಸರ್? ಕಿಡ್ನಿಗೆ. ಎಲ್ಲರಿಗೂ ಗೊತ್ತುಂಟು."

"ಆಕೆಗೆ ಇಪ್ಪತ್ತೆಂಟು ವರ್ಷ. ಎರಡೂ ಕಿಡ್ನಿ ಸರಿ ಉಂಟು. ಕಣ್ಣು ತೆಗೆದದ್ದು ನೀವು" ಎಂದರು ನಿತ್ಯಾನಂದ.

ಗುರುವಪ್ಪ ಮೇಜು ಒರೆಸತೊಡಗಿದ.

ಜನ ಸೇರಿದ್ದು ವಾಟ್ಸಾಪಿನಲ್ಲಿ ಬಂದ ಧ್ವನಿ ಸಂದೇಶದಿಂದ. 'ಮಕ್ಕಳನ್ನು ಹಿಡಿದು ಹೊರದೇಶಕ್ಕೆ ಮಾರುವವಳು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ, ಬಿಡಬೇಡಿ.' ಕಾನ್‌ಸ್ಟೇಬಲ್ ದೀಪಶ್ರೀ ಅದು ಊರಿನ ಗುಂಪುಗಳಿಗೆ ಬಂದ ವೇಳೆ ನೋಡಿದಳು. ಅನೆಲಿ ಇನ್ನೂ ದಾರಿಯಲ್ಲಿದ್ದಾಗಲೇ ಬಂದಿತ್ತು.

"ಅಲ್ಲಿ ನಿಲ್ತಾರೆ ಅಂತ ಯಾರಿಗೆ ಗೊತ್ತಿತ್ತು?" ದೀಪಶ್ರೀ ನಿಝಾರನನ್ನು ಕೇಳಿದಳು.

"ಹಿಂದಿನ ದಿನ ಪಂಚಾಯತಿನಲ್ಲಿ ವಿಚಾರಿಸಿ ನನ್ನ ನಂಬರ್ ಕೊಟ್ಟು ಬಂದಿದ್ರು. ಸಂಜೆ ಒಬ್ಬರು ಫೋನ್ ಮಾಡಿದ್ರು. ಅಮ್ಮನನ್ನು ಕರ್ಕೊಂಡು ಬರ್ತೇನೆ, ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿ ಅಂದ್ರು. ನಾನೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದು ಅಕ್ಕ. ಅವರು ರಾತ್ರಿ ಊಟವೇ ಮಾಡ್ಲಿಲ್ಲ, ಖುಷಿಯಲ್ಲಿ."

ಫೋನ್ ಮಾಡಿದ ಸಂಖ್ಯೆ ನೆರಿಯದ ರಬ್ಬರ್ ಬೆಳೆಗಾರ ತುಕ್ರಪ್ಪನದು. ಮರುದಿನ ಬೆಳಿಗ್ಗೆ ಅವನನ್ನು ಠಾಣೆಗೆ ಕರೆಸಿದರು. ಸಂದೇಶದ ಧ್ವನಿ ಅವನದೇ.

"ಯಾಕೆ ಕಳಿಸಿದ್ದು?"

"ಹೆದರಿ ಓಡಿ ಹೋಗ್ಲಿ ಅಂತ ಸರ್. ಹೊಡೀಲಿಕ್ಕೆ ಹೇಳ್ಲಿಲ್ಲ."

"ಅವಳು ನಿನಗೇನಾಗಬೇಕು?"

ತುಕ್ರಪ್ಪ ನೆಲ ನೋಡಿದ. "ತಂಗಿಯ ಮಗಳು."

ತಂಗಿ ಲೋಲಾಕ್ಷಿ ಬಸುರಿಯಾಗಿದ್ದಾಗ ಅವಳ ಗಂಡ ಸತ್ತ. ಮಗುವಿಲ್ಲದಿದ್ದರೆ ಇನ್ನೊಂದು ಮದುವೆ ಮಾಡಬಹುದೆಂದು ತುಕ್ರಪ್ಪ ಕೂಸನ್ನು ಗುಟ್ಟಾಗಿ ಆಶ್ರಮಕ್ಕೆ ಒಪ್ಪಿಸಿ, ಸತ್ತಿತು, ಹೂತು ಬಂದೆ ಎಂದಿದ್ದ. ಲೋಲಾಕ್ಷಿ ಮತ್ತೆ ಮದುವೆಯಾಗಲಿಲ್ಲ. ಅಣ್ಣನ ಮನೆಯಲ್ಲೇ ಬೀಡಿ ಕಟ್ಟುತ್ತಾ ಉಳಿದಳು.

ಮುಂದೆ ತುಕ್ರಪ್ಪನ ಮಗಳಿಗೆ ಸಂಬಂಧ ಕೂಡಿಬರಲಿಲ್ಲ. ಕಾರಣ ತಿಳಿಯಲು ಪ್ರಶ್ನೆ ಇಟ್ಟಾಗ ಜೋಯಿಸರು, ಮನೆಯಲ್ಲಿ ಸತ್ತ ಹೆಣ್ಣುಕೂಸು ಪ್ರಾಯಕ್ಕೆ ಬಂದಿದೆ, ಮದುವೆ ಕೇಳುತ್ತಿದೆ ಎಂದರು. ತುಳುನಾಡಿನಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ, ಅವರಿಗೂ ಗಂಡು ಹುಡುಕಬೇಕು. ಕೂಸು ಸತ್ತೇ ಇಲ್ಲ ಎಂದು ತುಕ್ರಪ್ಪ ಯಾವ ಬಾಯಲ್ಲಿ ಹೇಳಿಯಾನು? ಕಳೆದ ಆಟಿಯಲ್ಲಿ, ಬದುಕಿದ್ದವರಿಗೆ ಮದುವೆ ನಡೆಯದ ಆ ಮಳೆಗಾಲದ ತಿಂಗಳಲ್ಲಿ, ಬಾಲ್ಯದಲ್ಲೇ ತೀರಿಹೋದ ಮುಂಡಾಜೆಯ ಹುಡುಗನೊಬ್ಬನ ಜೊತೆ ಪ್ರೇತ ಮದುವೆ ನಡೆಯಿತು. ಮಣೆಯ ಮೇಲಿಟ್ಟ ಸೀರೆ, ಬಳೆ, ಕರಿಮಣಿಯೇ ಮದುಮಗಳು. ತಿಂಗಳೊಳಗೆ ತುಕ್ರಪ್ಪನ ಮಗಳಿಗೂ ಗಂಡು ಗೊತ್ತಾಯಿತು.

"ಅವಳು ಬದುಕಿದ್ದಾಳೆ ಅಂದ್ರೆ ಮುಂಡಾಜೆಯ ಬೀಗರು ಬಿಡ್ತಾರಾ? ನನ್ನ ಮಗಳ ಮದುವೆ ನಿಲ್ತದೆ. ತಂಗಿ ನನ್ನ ಮುಖ ನೋಡ್ತಾಳಾ?"

ಇಷ್ಟು ಲೆಕ್ಕ ಹಾಕಿದವನು ಒಂದನ್ನು ಮರೆತಿದ್ದ. ಸಂದೇಶ ಬೀಡಿ ಕಟ್ಟುವ ಹೆಂಗಸರ ಗುಂಪಿಗೂ ಹೋಗಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಯಾರೋ ತೆಗೆದ ವಿಡಿಯೊವನ್ನು ದೀಪಶ್ರೀ ಫೋನಿನಲ್ಲಿ ಹಾಕಿ ಅವನಿಗೆ ತೋರಿಸಿದಳು. "ಈ ಕಲ್ಲು ಎಸೆದವರು ಯಾರು, ಹೇಳಿ."

ವಿಡಿಯೊದಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಎಲ್ಲರನ್ನೂ ತಳ್ಳಿ ಮುಂದೆ ಬಂದಳು. ತೀರ ಹತ್ತಿರದಿಂದ ಎಸೆದಳು. ಅನೆಲಿ ಮುಖ ಹಿಡಿದುಕೊಂಡು ಬಿದ್ದಳು. ತುಕ್ರಪ್ಪ ಎದ್ದು ಬಂದು ನಿತ್ಯಾನಂದರ ಕಾಲಿಗೆ ಬಗ್ಗಿದ.

"ಕಲ್ಲು ನಾನೇ ಎಸೆದದ್ದು ಅಂತ ಬರೀರಿ ಸರ್. ಕಾಲು ಹಿಡೀತೇನೆ. ಪೆಟ್ಟು ತಿಂದದ್ದು ಯಾರು ಅಂತ ತಂಗಿಗೆ ಮಾತ್ರ ಹೇಳ್ಬೇಡಿ."

ನಿತ್ಯಾನಂದರಿಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ಅವನನ್ನು ಬಂಧಿಸಿ ಲಾಕಪ್ಪಿಗೆ ಹಾಕಿಸಿ, ದೀಪಶ್ರೀಯ ಜೊತೆ ಜೀಪು ಹತ್ತಿದರು.

ಲೋಲಾಕ್ಷಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಅದೇ ಹಸಿರು ಸೀರೆ. ಏನನ್ನೂ ಅಲ್ಲಗಳೆಯಲಿಲ್ಲ.

"ಹೌದು, ಎಸೆದೆ. ಮಗು ಹೋದವಳ ಸಂಕಟ ನಿಮಗೆ ಗೊತ್ತುಂಟಾ ಸರ್? ನನಗೆ ಗೊತ್ತುಂಟು. ಇನ್ನೊಬ್ಬಳಿಗೆ ಹಾಗಾಗುದು ಬೇಡ ಅಂತ ಎಸೆದೆ."

ಬಂಧನದ ಕಾರಣ ತಿಳಿಸಬೇಕು, ಗಾಯಾಳು ಯಾರೆಂದೂ ಹೇಳಬೇಕು. ಇಂದಲ್ಲ ನಾಳೆ ಕೋರ್ಟಿನಲ್ಲಿ ತಿಳಿಯುವುದೇ. ನಿತ್ಯಾನಂದ ಎಲ್ಲವನ್ನೂ ಹೇಳಿದರು. ಲೋಲಾಕ್ಷಿ ಕೊನೆಯವರೆಗೂ ಕೇಳಿಸಿಕೊಂಡಳು.

"ಸುಳ್ಳು. ನನ್ನ ಮಗಳಿಗೆ ಆಟಿಯಲ್ಲಿ ಮದುವೆ ಆಗಿದೆ. ಸೀರೆ ನಾನೇ ತಂದದ್ದು."

"ಲೋಲಾಕ್ಷಿಯಕ್ಕ, ಹೋಗುವ" ಎಂದು ದೀಪಶ್ರೀ ಕೈ ಹಿಡಿದಳು. ಜೀಪಿನಲ್ಲಿ ಕೂತ ಮೇಲೆ ಲೋಲಾಕ್ಷಿ ತನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ದಾರಿಯುದ್ದಕ್ಕೂ ಹೊರಗೆ ತೆಗೆಯಲಿಲ್ಲ.

ಸಂಜೆ ನಿತ್ಯಾನಂದ ಹೇಳಿಕೆ ಪಡೆಯಲು ಮೂಡುಬಿದಿರೆಗೆ ಹೋದರು. ನಿಝಾರ್ ಹಾಸಿಗೆಯ ಪಕ್ಕದಲ್ಲಿದ್ದ. ಅನೆಲಿ ಕಲ್ಲೆಸೆದವರ ವಿಚಾರವನ್ನೇ ಎತ್ತಲಿಲ್ಲ. ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದಳು. ಅಮ್ಮ ಸಿಕ್ಕಿದಳೇ?

"ಸಿಕ್ಕಿದ್ದಾರೆ" ಎಂದರು ನಿತ್ಯಾನಂದ.

ಬ್ಯಾಂಡೇಜಿನ ಈಚೆಗಿನ ಕಣ್ಣು ಅರಳಿತು. ಎಲ್ಲಿದ್ದಾಳೆ?

"ಠಾಣೆಯಲ್ಲಿ" ಎಂದು ಹೇಳಿ, ಅವರು ಕುರ್ಚಿ ಎಳೆದುಕೊಂಡು ಕುಳಿತರು.